ಸಾಗರ ಪೇಟೆಯ ಆಚೆಯ ಕಪ್ಪೆ ನಡಿಗೆ ಮತ್ತು ಅಪ್ಪನ ಕುಂಬಾರ

ಮೊದಲೇ ಹೇಳಿಬಿಡುತ್ತೇನೆ. ಜೋಗದ ಆಚೆಯ ಈ ಹೋಂಸ್ಟೇಗೆ ಹೋಗುವುದಾದರೆ ಮಳೆಗಾಲದಲ್ಲೇ ಹೋಗಿ, ಕಪ್ಪೆ ನೋಡಲು ರಾತ್ರಿ ಕರೆದುಕೊಂಡು ಹೋಗುವ ಕಪ್ಪೆ ನಡಿಗೆಯನ್ನು ಮಾತ್ರ ಬಿಡಬೇಡಿ. ರೂಮು, ಊಟ, ಬಿಸಿನೀರು ಎಲ್ಲದರ ಬಗ್ಗೆಯೂ ಬರೆಯುತ್ತೇನೆ. ಆದರೆ ನಾನು ಇಷ್ಟುದ್ದ ಬರೆಯಲು ಕೂತಿದ್ದು ಆ ಎರಡೂವರೆ ಗಂಟೆಯ ನಡಿಗೆಗಾಗಿ. ನಮ್ಮ ಮನೆಯಲ್ಲಿ ಎರಡು ವರ್ಷದಿಂದ ನಡೆಯುತ್ತಿದ್ದ ಒಂದು ಜಗಳ ಅವತ್ತು ಬೇರೆ ದಾರಿ ಹಿಡಿಯಿತು.

ಶಿವಮೊಗ್ಗದಿಂದ ತಾಳಗುಪ್ಪದವರೆಗೆ ರೈಲಿದೆ. ಅಲ್ಲಿಂದ ಹೋಂಸ್ಟೇಯವರದ್ದೇ ಜೀಪು, 600 ರೂಪಾಯಿ. ಜೋಗ ದಾಟಿ ಹೊನ್ನಾವರದ ಕಡೆ ಸ್ವಲ್ಪ ದೂರ ಹೋಗಿ ಬಲಕ್ಕೆ ತಿರುಗಿದರೆ ಕೊನೆಯ ಎರಡು ಕಿಲೋಮೀಟರ್ ಬರೀ ಕೆಸರು. ಮನೆಯ ಹೆಸರು ಇಲ್ಲಿ ಹಾಕುತ್ತಿಲ್ಲ. ಇರುವುದೇ ನಾಲ್ಕು ರೂಮು, ಜನ ಜಾಸ್ತಿಯಾದರೆ ಹಳ್ಳದ ಬದಿ ತುಳಿದು ಹಾಳಾಗುತ್ತದೆ, ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡರು. ತಾಳಗುಪ್ಪದಲ್ಲಿ ಇಳಿದು ಕಪ್ಪೆ ತೋರಿಸುವ ಮನೆ ಯಾವುದು ಎಂದರೆ ಯಾರಾದರೂ ಹೇಳುತ್ತಾರೆ.

ಈಗ ಜಗಳದ ವಿಷಯ. ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ 34 ವರ್ಷ ಮೇಂಟೆನೆನ್ಸ್ ಕೆಲಸ ಮಾಡಿ ನಿವೃತ್ತರಾದವರು. ಮಗಳು ಈಗ ಮೊದಲ ಪಿಯುಸಿ. ಎರಡು ವರ್ಷದ ಹಿಂದೆ ಅಪ್ಪನ ಫೋನಿಗೆ ಒಂದು ವಿಡಿಯೋ ಬಂತು. ಬ್ಯಾಕ್ಟೀರಿಯಾದ ಬಾಲ, ಫ್ಲಾಜೆಲಮ್, ಮೋಟರಿನ ಹಾಗೆ ಗಿರಗಿರ ತಿರುಗುವುದನ್ನು ತೋರಿಸಿ, ಇದರಲ್ಲಿ ಒಂದು ಭಾಗ ತೆಗೆದರೂ ಕೆಲಸ ಮಾಡುವುದಿಲ್ಲ, ಹಾಗಾಗಿ ಇದು ಸ್ವಲ್ಪ ಸ್ವಲ್ಪವಾಗಿ ಆಗಿರಲು ಸಾಧ್ಯವೇ ಇಲ್ಲ, ಯಾರೋ ಜಾಣರು ಕೂತು ಡಿಸೈನ್ ಮಾಡಿರಲೇಬೇಕು ಎಂದು ಹೇಳುವ ವಿಡಿಯೋ. ಇಂಟೆಲಿಜೆಂಟ್ ಡಿಸೈನ್ ಎನ್ನುವ ವಾದ ಇದೇ. ಅಪ್ಪ ಜೀವನವಿಡೀ ಮೋಟರು ಬಿಚ್ಚಿ ಕಟ್ಟಿದವರು. ಅವರಿಗೆ ಅದು ನೇರವಾಗಿ ನಾಟಿತು. "ಮಡಕೆ ಇದ್ದ ಮೇಲೆ ಕುಂಬಾರ ಇರ್ಬೇಕು ತಾನೇ ಪುಟ್ಟಿ?" ಎಂದು ಮಗಳನ್ನು ಕೇಳುವುದು, ಅವಳು ಪಾಠಪುಸ್ತಕದಲ್ಲಿ ಓದಿದ್ದನ್ನು ಒಪ್ಪಿಸುವುದು, ಅಪ್ಪ ನಗುವುದು, ಅವಳು ಎದ್ದು ಹೋಗುವುದು. ಮಧ್ಯೆ ಕೂತವರಿಗೆ ಊಟ ಇಳಿಯುತ್ತಿರಲಿಲ್ಲ.

ಅಪ್ಪನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಡಕೆಯಿಂದ ಕುಂಬಾರನನ್ನು ಊಹಿಸುವ ವಾದವನ್ನು ನಮ್ಮ ನ್ಯಾಯ ದರ್ಶನದವರು, ಅಂದರೆ ಹಳೆಯ ತರ್ಕಶಾಸ್ತ್ರದವರು, ಸಾವಿರ ವರ್ಷದ ಹಿಂದೆಯೇ ಗಟ್ಟಿಯಾಗಿ ಮಂಡಿಸಿದ್ದರು. ಇಂಗ್ಲೆಂಡಿನಲ್ಲಿ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಮಡಕೆಯ ಜಾಗದಲ್ಲಿ ಗಡಿಯಾರ ಇಟ್ಟು ಇದನ್ನೇ ಹೇಳಿದರು. ಕೇಂಬ್ರಿಡ್ಜಿನಲ್ಲಿ ಓದುವಾಗ ಡಾರ್ವಿನ್ ಪೇಲಿಯನ್ನು ಮೆಚ್ಚಿ ಓದಿದವರೇ. 1859ರಲ್ಲಿ ಅವರು ಬೇರೆ ಉತ್ತರ ಕೊಟ್ಟರು, ಆದರೆ ಪ್ರಶ್ನೆ ಅದೇ ಆಗಿತ್ತು. ಇಷ್ಟು ಅಚ್ಚುಕಟ್ಟಾದ ಜೀವಿ ಹೇಗಾಯಿತು?

ಸರಿ, ಹೋಂಸ್ಟೇಗೆ ಬರೋಣ. ಮಧ್ಯಾಹ್ನ ತಲುಪಿದ ಕೂಡಲೇ ಕಷಾಯ ಕೊಟ್ಟರು. ಊಟಕ್ಕೆ ಒಂದೆಲಗದ ತಂಬುಳಿ, ಕಳಲೆ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಕಳಲೆಯನ್ನು ಸರಿಯಾಗಿ ನೀರಿನಲ್ಲಿ ನೆನೆಸಿ ಕಹಿ ತೆಗೆದಿದ್ದರು, ಪೇಟೆಯ ಹೋಟೆಲುಗಳಲ್ಲಿ ಇದನ್ನು ಅರ್ಧಂಬರ್ಧ ಮಾಡುತ್ತಾರೆ. ಬಚ್ಚಲಿನ ಹಂಡೆಯಲ್ಲಿ ಯಾವಾಗಲೂ ಬಿಸಿನೀರು. ರೂಮು ಸಾಧಾರಣ, ಗೋಡೆ ಸ್ವಲ್ಪ ತೇವ. ಆ ಮಳೆಯಲ್ಲಿ ಅದು ಸಹಜ.

ರಾತ್ರಿ ಎಂಟಕ್ಕೆ ನಡಿಗೆ. ತಲೆಗೆ 400 ರೂಪಾಯಿ. ಗೈಡ್ ಅದೇ ಮನೆಯ ಹುಡುಗ, ಬಿಎಸ್ಸಿ ಮುಗಿಸಿ ತೋಟ ನೋಡಿಕೊಂಡಿದ್ದಾನೆ. ಹೊರಡುವ ಮೊದಲು ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿದ. ಆದರೂ ಉಂಬಳ ಹತ್ತಿದವು, ಹತ್ತುತ್ತವೆ. ನಿಯಮ ಮೂರೇ: ಮುಟ್ಟಬೇಡಿ, ಫ್ಲಾಶ್ ಹೊಡೆಯಬೇಡಿ, ಅವನು ಕಾಲಿಟ್ಟಲ್ಲೇ ಕಾಲಿಡಿ. ಮಳೆಗಾಲದಲ್ಲಿ ಕಪ್ಪೆಗಳ ಮೊಟ್ಟೆ ಎಲ್ಲಿರುತ್ತದೆ ಎಂದು ನಮಗೆ ಕಾಣುವುದಿಲ್ಲ, ಅದಕ್ಕೇ ಈ ಮೂರನೆಯ ನಿಯಮ.

ತೋಟದ ಕೆರೆಯ ಹತ್ತಿರ ಮೊದಲ ನಿಲುಗಡೆ. ಕೆರೆಯ ಮೇಲೆ ಬಾಗಿದ ಕೊಂಬೆಯಲ್ಲಿ ಸೋಪಿನ ನೊರೆಯ ಹಾಗೆ ಒಂದು ಬಿಳಿ ಮುದ್ದೆ ಅಂಟಿಕೊಂಡಿತ್ತು. ಪಕ್ಕದಲ್ಲೇ ಎಲೆಹಸಿರು ಬಣ್ಣದ ದೊಡ್ಡ ಕಪ್ಪೆ, ಬೆರಳುಗಳ ನಡುವಿನ ತೊಗಲು ಕೆಂಪು. ಮಲಬಾರಿನ ಹಾರುಗಪ್ಪೆ. ಮರದಿಂದ ಮರಕ್ಕೆ ಜಾರುವಾಗ ಆ ತೊಗಲನ್ನು ಕೊಡೆಯ ಹಾಗೆ ಬಿಡಿಸುತ್ತದೆ. ಮೊಟ್ಟೆ ಇಡುವಾಗ ಹಿಂಗಾಲಿನಿಂದ ಕಡೆದು ಕಡೆದು ನೊರೆ ಎಬ್ಬಿಸುತ್ತದೆ, ಆ ನೊರೆಯೊಳಗೆ ಮೊಟ್ಟೆ ಒಣಗದೆ ಉಳಿಯುತ್ತವೆ, ಮರಿ ಬಲಿತ ಮೇಲೆ ಮಳೆಗೆ ನೊರೆ ಕರಗಿ ಗೊದಮೊಟ್ಟೆಗಳು ನೇರವಾಗಿ ಕೆಳಗಿನ ನೀರಿಗೆ ಬೀಳುತ್ತವೆ.

ಅಪ್ಪ ತಕ್ಷಣ ಕೇಳಿದರು, "ಕೆಳಗೆ ನೀರಿದೆ ಅಂತ ಇದಕ್ಕೆ ಯಾರು ಹೇಳಿದ್ದು?"

ಹುಡುಗ ವಾದ ಮಾಡಲಿಲ್ಲ. "ಬನ್ನಿ ಅಜ್ಜ" ಎಂದು ಹತ್ತು ಹೆಜ್ಜೆ ಕರೆದುಕೊಂಡು ಹೋಗಿ ಟಾರ್ಚ್ ಮೇಲೆತ್ತಿದ. ಅಲ್ಲೂ ಒಂದು ನೊರೆ ಮುದ್ದೆ. ಕೆಳಗೆ ನೀರಿಲ್ಲ, ಅಡಿಕೆ ಸೋಗೆ ಬಿದ್ದ ನೆಲ. "ಇದು ಉಳಿಯಲ್ಲ. ಮರಿ ಬಿದ್ದು ಇರುವೆ ಪಾಲಾಗ್ತವೆ. ಪ್ರತಿ ವರ್ಷ ಹೀಗೆ ತಪ್ಪಿದ ಜಾಗದಲ್ಲಿ ಇಟ್ಟವು ಇರ್ತವೆ. ಸರಿ ಜಾಗದಲ್ಲಿ ಇಟ್ಟದ್ದರ ಮಕ್ಕಳು ಮಾತ್ರ ಉಳೀತವೆ, ಅವಕ್ಕೆ ತಾಯಿ ಬುದ್ಧಿ ಬಂದಿರ್ತದೆ. ನಮಗೆ ಕಾಣೋದು ಉಳಿದದ್ದು ಮಾತ್ರ, ಅದಕ್ಕೇ ಯಾರೋ ಹೇಳಿಕೊಟ್ಟ ಹಾಗೆ ಕಾಣ್ತದೆ."

ನಾನು ಹದಿನೈದು ವರ್ಷದಿಂದ ಇದನ್ನೇ, ಡಾರ್ವಿನ್ ಕೊಟ್ಟ ಉತ್ತರವಾದ ನಿಸರ್ಗದ ಆಯ್ಕೆಯನ್ನು, ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೇನೆ. ಆ ಒಣ ನೆಲದ ಮೇಲೆ ನೇತಾಡುತ್ತಿದ್ದ ನೊರೆಯಷ್ಟು ಸ್ಪಷ್ಟವಾಗಿ ಒಮ್ಮೆಯೂ ಹೇಳಿರಲಿಲ್ಲ. ಅಪ್ಪ ಎರಡು ಸಲ ಹಿಂದೆ ತಿರುಗಿ ಅದನ್ನು ನೋಡಿದರು.

ತೋಟ ದಾಟಿ, ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಇಳಿದರೆ ರಾಂಪತ್ರೆ ಮರಗಳ ಜಡ್ಡಿ, ಅಂದರೆ ಜೌಗು ಕಾಡು. ಮರದ ಬೇರುಗಳು ಮಂಡಿ ಮಡಚಿಕೊಂಡ ಹಾಗೆ ನೀರಿನಿಂದ ಮೇಲೆದ್ದಿವೆ. ಅಲ್ಲಿಂದ ಹುಟ್ಟುವ ಸಣ್ಣ ಹಳ್ಳದಲ್ಲಿ ನಾವು ನಲವತ್ತು ನಿಮಿಷ ಅಲುಗದೆ ನಿಂತೆವು. ಅಪ್ಪನಿಗೆ ಒಂದು ಮಣೆ ತಂದಿದ್ದ ಹುಡುಗ, ಅದರ ಮೇಲೆ ಅವರು ಕೂತಿದ್ದರು. ನೀರಿನಿಂದ ಒಂದು ಗೇಣು ಮೇಲೆ ಒಣ ಕಡ್ಡಿಯೊಂದು ಚಾಚಿಕೊಂಡಿತ್ತು. ಅದರ ಮೇಲೆ ಸಾಬಕ್ಕಿಯ ಹಾಗೆ ಹೊಳೆಯುವ ಕೆಲವು ಮೊಟ್ಟೆ. ಹೆಬ್ಬೆರಳಷ್ಟು ದೊಡ್ಡ, ಕಂದು ಬಣ್ಣದ, ಸುಕ್ಕು ಸುಕ್ಕು ಮೈಯ ಒಂದು ಕಪ್ಪೆ ನೀರಿನಲ್ಲಿ ನಿಂತಿತ್ತು. ಬಗ್ಗಿತು. ಮುಂಗೈ ಎರಡನ್ನೂ ತಳಕ್ಕೆ ಹಾಕಿ ಮಣ್ಣು ಬಾಚಿತು. ಹಿಂಗಾಲಿನ ಮೇಲೆ ಎದ್ದು ನಿಂತು ಆ ಮಣ್ಣನ್ನು ಮೊಟ್ಟೆಗಳ ಮೇಲೆ ಮೆತ್ತಿತು. ಮತ್ತೆ ಬಗ್ಗಿತು, ಮತ್ತೆ ಬಾಚಿತು, ಮೆತ್ತಿತು. ಒಮ್ಮೆ ಮಣ್ಣು ಜಾರಿ ನೀರಿಗೆ ಬಿತ್ತು, ಅದು ಮತ್ತೆ ಶುರು ಮಾಡಿತು. ನಿಧಾನವಾಗಿ ಮೊಟ್ಟೆಗಳ ಹೊಳಪು ಮುಚ್ಚಿಹೋಗಿ ಕಡ್ಡಿಗೆ ಅಂಟಿದ ಕೆಸರಿನ ಹೆಂಟೆಯಷ್ಟೇ ಉಳಿಯಿತು.

ಯಾರೂ ಉಸಿರೆತ್ತಲಿಲ್ಲ. ಮಗಳು ನನ್ನ ಕೈ ಹಿಡಿದುಕೊಂಡಿದ್ದಳು.

ಇದರ ಹೆಸರೇ ಕುಂಬಾರ ಕಪ್ಪೆ. ಕಪ್ಪೆಗಳ ಅಧ್ಯಯನ ಮಾಡುವ ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಜೊತೆಗಾರರು 2014ರಲ್ಲಿ ಇದನ್ನು ಹೊಸ ಜಾತಿ ಎಂದು ಜಗತ್ತಿಗೆ ಹೇಳಿದಾಗ, ವೈಜ್ಞಾನಿಕ ಹೆಸರಿನಲ್ಲೇ ನಮ್ಮ ಕನ್ನಡದ ಕುಂಬಾರನನ್ನು ಇಟ್ಟರು: ನಿಕ್ಟಿಬಾಟ್ರಕಸ್ ಕುಂಬಾರ. ಗಂಡು ಹೆಣ್ಣು ಸೇರುವಾಗ ಮುಂಗೈ ಊರಿ ತಲೆಕೆಳಗಾಗಿ ನಿಲ್ಲುತ್ತವೆ, ಹೆಣ್ಣು ಮೊಟ್ಟೆ ಇಟ್ಟು ಹೋಗುತ್ತದೆ, ಮಣ್ಣು ಮೆತ್ತುವುದು ಗಂಡಿನ ಕೆಲಸ.

ಅಪ್ಪ ಮೆಲ್ಲಗೆ, "ನೋಡು, ಕುಂಬಾರ ಸಿಕ್ಕಿದ" ಎಂದರು. ಗೆದ್ದ ದನಿಯಲ್ಲಿ ಅಲ್ಲ. ಅವರ ಕಣ್ಣು ತುಂಬಿತ್ತು.

ಹುಡುಗ ಪಕ್ಕದ ಕಲ್ಲಿನ ಕಡೆ ಬೆಳಕು ತಿರುಗಿಸಿದ. ಅಲ್ಲಿ ಒಂದು ಎಲೆಯ ಮೇಲೆ ಇನ್ನೊಂದು ಜಾತಿಯ ಇರುಳುಗಪ್ಪೆಯ ಮೊಟ್ಟೆ. ಅವಕ್ಕೆ ಮಣ್ಣಿಲ್ಲ. ಗಂಡು ಹತ್ತಿರವೇ ಕೂತಿತ್ತು. ಹುಡುಗ ಹೇಳಿದ್ದು ಇಷ್ಟು: ಇವೆರಡೂ ದಾಯಾದಿಗಳು. ಈ ಇರುಳುಗಪ್ಪೆಗಳ ಬಳಗದಲ್ಲಿ 30ಕ್ಕೂ ಜಾಸ್ತಿ ಜಾತಿ ಇವೆ, ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಸುಮ್ನೆ ಮೊಟ್ಟೆ ಇಟ್ಟು ಹೋದರೂ ಒಂದಷ್ಟು ಮರಿ ಉಳಿಯುತ್ತವೆ. ಗಂಡು ಕಾವಲು ಕೂತರೆ ಇನ್ನಷ್ಟು. ಸ್ವಲ್ಪ ಮಣ್ಣು ಬಿದ್ದರೂ ಮೊಟ್ಟೆ ಬೇಗ ಒಣಗುವುದಿಲ್ಲ, ಶತ್ರುವಿಗೆ ಕಾಣುವುದಿಲ್ಲ. ಒಂದು ಇನ್ನೊಂದಾಗಿ ಬದಲಾಯಿತು ಎಂದಲ್ಲ. ಆದರೆ ಪೂರ್ತಿ ಆಗುವ ತನಕ ಉಪಯೋಗವೇ ಇಲ್ಲ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಪ್ರತಿ ಮೆಟ್ಟಿಲಿನ ಮೇಲೂ ಜೀವ ನಿಂತಿದೆ.

ಮತ್ತೆ ಒಂದು ಮಾತು ಸೇರಿಸಿದ, ಅದು ನನಗೆ ಬಹಳ ಹಿಡಿಸಿತು. "ಬೇರೆ ಕಡೆ ಇಂಥದ್ದೇ ಹಳ್ಳ, ಇಂಥದ್ದೇ ಮಳೆ ಎಷ್ಟಿಲ್ಲ ಅಜ್ಜ? ಮಾಡೋರು ಮಾಡಿ ಇಟ್ಟಿದ್ರೆ ಅಲ್ಲೂ ಇಡಬಹುದಿತ್ತು. ಇಲ್ಲಿ ಹುಟ್ಟಿ ಇಲ್ಲೇ ಕವಲೊಡೆದವು ಅಂದ್ರೆ ಮಾತ್ರ, ಯಾಕೆ ಎಲ್ಲಾ ಇಲ್ಲೇ ಇವೆ ಅಂತ ಅರ್ಥ ಆಗ್ತದೆ."

ವಾಪಸು ಬಂದು ಜಗಲಿಯಲ್ಲಿ ಕೂತಾಗ ಹತ್ತೂವರೆ. ಬಿಸಿ ಹಾಲು, ಹುರಿದ ಹಪ್ಪಳ. ಬೆಂಗಳೂರಿನ ಇನ್ನಿಬ್ಬರು ಅತಿಥಿಗಳೂ ಇದ್ದರು. ಅಪ್ಪ ಫ್ಲಾಜೆಲಮ್ ವಿಷಯ ತೆಗೆದೇ ತೆಗೆದರು. ಆ ಉದಾಹರಣೆಯನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹೀ, 1996ರಲ್ಲಿ. ಒಂದು ಭಾಗ ತೆಗೆದರೆ ಉಳಿದದ್ದು ದಂಡ ಎನ್ನುವುದೇ ಅವರ ವಾದದ ಬೆನ್ನೆಲುಬು. ಆದರೆ ಆ ಮೋಟರಿನ ಬುಡದ ಭಾಗದ ಪ್ರೋಟೀನುಗಳನ್ನೇ ಹೋಲುವ ಒಂದು ಜೋಡಣೆ ಪ್ಲೇಗ್ ಬ್ಯಾಕ್ಟೀರಿಯಾದಲ್ಲಿ ಇದೆ. ಅಲ್ಲಿ ಅದು ತಿರುಗುವುದಿಲ್ಲ, ನಮ್ಮ ಜೀವಕೋಶಕ್ಕೆ ವಿಷ ಚುಚ್ಚುವ ಸಿರಿಂಜಿನ ಕೆಲಸ ಮಾಡುತ್ತದೆ. ಅಂದರೆ ಮೋಟರಿನ ಬಹಳಷ್ಟು ಭಾಗ ಇಲ್ಲದೆಯೂ ಉಳಿದದ್ದಕ್ಕೆ ಬೇರೆ ಕೆಲಸ ಇದೆ. ನಾನು ಇದನ್ನು ಹೇಳಿದಾಗ ಅಪ್ಪ, "ಹಳೇ ಪಂಪಿನ ಕೇಸಿಂಗನ್ನ ಬೇರೆ ಕಡೆ ಹಾಕ್ತಿದ್ವಲ್ಲ, ಹಾಗೆ" ಎಂದರು. ಹಾಗೇ.

ಆಮೇಲೆ ಮಗಳು ಅಜ್ಜನ ಕುತ್ತಿಗೆ ತೋರಿಸಿದಳು. ಅಪ್ಪನಿಗೆ ನಾಲ್ಕು ವರ್ಷದ ಹಿಂದೆ ಥೈರಾಯ್ಡ್ ಆಪರೇಷನ್ ಆಗಿತ್ತು. ದನಿಪೆಟ್ಟಿಗೆಗೆ ಹೋಗುವ ನರ ಅಲ್ಲೇ ಹತ್ತಿರ ಹಾಯುತ್ತದೆ, ಅದಕ್ಕೆ ಪೆಟ್ಟಾದರೆ ದನಿ ಒಡೆಯಬಹುದು ಎಂದು ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದ್ದರು. ಆ ಎಡಗಡೆಯ ನರ ಮೆದುಳಿನ ಕಡೆಯಿಂದ ಹೊರಟು ಗಂಟಲನ್ನು ದಾಟಿ ಎದೆಗೆ ಇಳಿಯುತ್ತದೆ, ಹೃದಯದ ಹತ್ತಿರದ ದೊಡ್ಡ ರಕ್ತನಾಳವನ್ನು ಸುತ್ತು ಹಾಕಿ ಮತ್ತೆ ಗಂಟಲಿಗೆ ಹತ್ತುತ್ತದೆ. ಜಿರಾಫೆಯಲ್ಲೂ ಹೀಗೇ, ಅಷ್ಟುದ್ದ ಕುತ್ತಿಗೆ ಇಳಿದು ಅಷ್ಟೇ ಉದ್ದ ವಾಪಸು. ಮೀನಿನಲ್ಲಿ ಹೃದಯ ಕಿವಿರಿನ ಹತ್ತಿರವೇ ಇರುವುದರಿಂದ ಈ ದಾರಿ ನೇರವಾಗಿತ್ತು. ಮುಂದೆ ಕುತ್ತಿಗೆ ಉದ್ದವಾಗಿ ಹೃದಯ ಕೆಳಗೆ ಸರಿದಾಗ ನರ ರಕ್ತನಾಳಕ್ಕೆ ಸಿಕ್ಕಿಕೊಂಡು ಎಳೆದುಕೊಂಡೇ ಹೋಯಿತು.

ಅಪ್ಪ ಸುಮಾರು ಹೊತ್ತು ಕುತ್ತಿಗೆಯ ಗಾಯದ ಗೆರೆ ಸವರಿಕೊಂಡರು. "ಇಂಥ ವೈರಿಂಗ್ ಯಾರೂ ಹೊಸದಾಗಿ ಎಳೆಯಲ್ಲ. ಹಳೇ ಲೈನ್ ಬಿಚ್ಚೋಕೆ ಆಗದೆ ಅದನ್ನೇ ಉದ್ದ ಮಾಡಿದ್ರೆ ಹಿಂಗಾಗತ್ತೆ." 34 ವರ್ಷ ಯಂತ್ರ ನೋಡಿದವರ ಮಾತು. ನಾನು ಇಷ್ಟು ಚೆನ್ನಾಗಿ ಯಾವ ಕ್ಲಾಸಿನಲ್ಲೂ ಕೇಳಿಲ್ಲ.

ಬೆಂಗಳೂರಿನವರಲ್ಲಿ ಒಬ್ಬರು, ವಿಕಾಸ, ಡಿಸೈನ್ ಎರಡೂ ಬರೀ ಅಭಿಪ್ರಾಯ ಅಲ್ವಾ, ಎರಡನ್ನೂ ಪಾಠ ಮಾಡಿದರೆ ಆಯಿತು ಎಂದರು. ಅಲ್ಲಿ ನಾನು ಸುಮ್ಮನಿರಲಿಲ್ಲ. ಇದನ್ನು ಅಮೆರಿಕದಲ್ಲಿ ಕೋರ್ಟಿನಲ್ಲಿ ಇಟ್ಟು ನೋಡಿಯಾಗಿದೆ. ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನಲ್ಲಿ ಶಾಲಾ ಮಂಡಳಿ 2004ರಲ್ಲಿ, 9ನೇ ತರಗತಿಯ ಮಕ್ಕಳಿಗೆ ಇಂಟೆಲಿಜೆಂಟ್ ಡಿಸೈನ್ ಬಗ್ಗೆ ಒಂದು ಹೇಳಿಕೆ ಓದಿ ಹೇಳಬೇಕು ಎಂದು ನಿರ್ಧರಿಸಿತು. 11 ಜನ ಪೋಷಕರು ಕೇಸು ಹಾಕಿದರು. 2005ರ ಡಿಸೆಂಬರ್ 20ರಂದು ಜಡ್ಜ್ ಜಾನ್ ಜೋನ್ಸ್ 139 ಪುಟದ ತೀರ್ಪು ಕೊಟ್ಟು, ಇದು ವಿಜ್ಞಾನ ಅಲ್ಲ ಎಂದರು. ಅವರನ್ನು ನೇಮಿಸಿದ್ದು ಬಲಪಂಥದ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್, ಹಾಗಾಗಿ ಎಡಪಂಥದವರ ತೀರ್ಪು ಎಂದು ತಳ್ಳಿಹಾಕಲು ಬರುವುದಿಲ್ಲ. ಸಾಕ್ಷಿಗೆ ನಿಂತ ಬೀಹೀಯವರನ್ನು, ನೀವು ಕೊಡುವ ವ್ಯಾಖ್ಯೆಯ ಪ್ರಕಾರ ಜ್ಯೋತಿಷ್ಯವೂ ವೈಜ್ಞಾನಿಕ ಸಿದ್ಧಾಂತ ಆಗುತ್ತದಾ ಎಂದು ಕೇಳಿದಾಗ ಅವರು ಹೌದೆಂದು ಒಪ್ಪಬೇಕಾಯಿತು. ವಿಕಾಸದ ಪರವಾಗಿ ಸಾಕ್ಷಿ ಹೇಳಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಕ್ಯಾಥೊಲಿಕ್ ನಂಬಿಕೆಯವರು. ಅಪ್ಪನಿಗೆ ನಾನು ಈ ಹೆಸರನ್ನು ಎರಡು ಸಲ ಹೇಳಿದೆ. ವಿಕಾಸವನ್ನು ಒಪ್ಪಿದರೆ ದೇವರ ಮನೆಗೆ ಬೀಗ ಹಾಕಬೇಕು ಎಂದು ಅವರು ಇಷ್ಟು ದಿನ ಹೆದರಿಕೊಂಡಿದ್ದರು.

ಅದೇ ಕೇಸಿನಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮಕ್ಕಳಿಗೆ ಶಿಫಾರಸು ಮಾಡಿದ್ದ ಡಿಸೈನ್ ಪುಸ್ತಕದ ಹಳೆಯ ಕರಡುಗಳನ್ನು ತೆಗೆದು ನೋಡಿದರೆ ಮೊದಲು 'ಸೃಷ್ಟಿವಾದಿಗಳು' ಎಂದಿತ್ತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸೃಷ್ಟಿವಾದದ ಪಾಠವನ್ನು ಸರ್ಕಾರಿ ಶಾಲೆಯಲ್ಲಿ ಕಡ್ಡಾಯ ಮಾಡುವಂತಿಲ್ಲ ಎಂದ ಮೇಲೆ ಆ ಪದ ಇದ್ದಲ್ಲೆಲ್ಲ 'ಡಿಸೈನ್ ಪ್ರತಿಪಾದಕರು' ಎಂದು ಬದಲಾಯಿಸಿದ್ದರು. ಒಂದು ಕಡೆ ಅರ್ಧ ಅಳಿಸಿ ಎರಡೂ ಪದ ಕಲೆಸಿಹೋಗಿ ಹಾಗೇ ಉಳಿದಿತ್ತು. ಅಪ್ಪ ತಲೆಯಾಡಿಸಿ, "ಹಳೇ ಡ್ರಾಯಿಂಗಿಗೆ ಹೊಸ ಹೆಸರಿನ ಪಟ್ಟಿ ಅಂಟಿಸಿದ್ದು" ಎಂದರು.

ನಮ್ಮ ಕಡೆಯ ಕಥೆಯೂ ದೂರದ್ದಲ್ಲ. 2018ರ ಜನವರಿಯಲ್ಲಿ ಕೇಂದ್ರದ ಸಚಿವ ಸತ್ಯಪಾಲ್ ಸಿಂಗ್, ಕೋತಿ ಮನುಷ್ಯನಾಗಿದ್ದನ್ನು ಯಾರೂ ನೋಡಿಲ್ಲ, ಡಾರ್ವಿನ್ ಸಿದ್ಧಾಂತ ತಪ್ಪು ಎಂದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿ ಪುಸ್ತಕದಲ್ಲಿ ಜೀವವಿಕಾಸದ ಭಾಗವೇ ಇಲ್ಲ ಎಂದು ಗೊತ್ತಾದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಪತ್ರ ಬರೆದರು. 10ನೇ ತರಗತಿ ಮುಗಿಸಿ ಕಾಮರ್ಸು, ಐಟಿಐ, ಗದ್ದೆ ಕೆಲಸಕ್ಕೆ ಹೋಗುವ ಮಗುವಿಗೆ ಅದು ಕೊನೆಯ ಜೀವಶಾಸ್ತ್ರದ ಪಾಠ. ಆ ಮಗುವಿಗೆ ಒಂದು ಸಲವಾದರೂ ಇದು ಸಿಗಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಜೀವವಿಜ್ಞಾನಿಗಳ ನಡುವೆ ವಿಕಾಸ ಆಯಿತಾ ಇಲ್ಲವಾ ಎಂಬ ಜಗಳ ಇಲ್ಲ. ಹೇಗೆ ಆಯಿತು, ಎಷ್ಟು ಬೇಗ ಆಯಿತು ಎಂದು ಜಗಳ ಇದೆ. ಆ ಜಗಳಕ್ಕೆ ಹಳ್ಳಕ್ಕೆ ಇಳಿದು ನೋಡಬೇಕು, ಅಳೆಯಬೇಕು, ತಪ್ಪಿದರೆ ತಪ್ಪಾಯಿತು ಎನ್ನಬೇಕು. ಡಿಸೈನ್ ವಾದದಲ್ಲಿ ನನಗೆ ಬೇಸರ ತರುವುದು ಇದೇ: ಕುಂಬಾರ ಮಾಡಿದ ಎಂದ ಮೇಲೆ ನಾಳೆ ಬೆಳಿಗ್ಗೆ ಹಳ್ಳಕ್ಕೆ ಹೋಗಿ ಏನು ಹುಡುಕಬೇಕು ಎಂದು ಅದು ಹೇಳುವುದಿಲ್ಲ.

ಕೊರತೆಗಳನ್ನೂ ಹೇಳುತ್ತೇನೆ. ಗಂಬೂಟು ಆರೇ ಜೊತೆ ಇವೆ, ಸಣ್ಣ ಅಳತೆ ಇಲ್ಲ, ಮಗಳು ಚಪ್ಪಲಿಯಲ್ಲೇ ಬಂದಳು. ಅಷ್ಟು ಉಂಬಳ ಇರುವ ಕಡೆ ಇದು ಸರಿಯಲ್ಲ, ಅವರಿಗೂ ಹೇಳಿ ಬಂದಿದ್ದೇನೆ. ಎರಡು ಟಾರ್ಚಿನಲ್ಲಿ ಒಂದು ಅರ್ಧದಲ್ಲೇ ಕೈಕೊಟ್ಟಿತು. ಹಳ್ಳಕ್ಕೆ ಇಳಿಯುವ ಜಾಗ ಜಾರುತ್ತದೆ, ಒಂದು ಹಗ್ಗ ಕಟ್ಟಬೇಕು. ಎಪ್ಪತ್ತು ದಾಟಿದವರನ್ನು ಕರೆದುಕೊಂಡು ಹೋಗುವುದಾದರೆ ಮೊದಲೇ ಫೋನು ಮಾಡಿ ತಿಳಿಸಿ, ನಿಧಾನಕ್ಕೆ ಕರೆದುಕೊಂಡು ಹೋಗುತ್ತಾರೆ. ಫೋನಿಗೆ ಸಿಗ್ನಲ್ ಇಲ್ಲ. ಒಂದು ರಾತ್ರಿಗೆ ಊಟ ಸೇರಿ ತಲೆಗೆ 1,800 ರೂಪಾಯಿ, ಅದಕ್ಕೆ ಮೋಸವಿಲ್ಲ. ನಡಿಗೆಯ 400 ನನ್ನ ಪ್ರಕಾರ ಕಡಿಮೆಯೇ ಆಯಿತು. ಒಂದು ತಂಡಕ್ಕೆ ಆರು ಜನರಿಗಿಂತ ಜಾಸ್ತಿ ಕರೆದುಕೊಂಡು ಹೋಗುವುದಿಲ್ಲ ಎನ್ನುವ ಅವರ ಹಟ ಹೀಗೇ ಇರಲಿ.

ಬೆಳಿಗ್ಗೆ ಎದ್ದಾಗ ಅಪ್ಪ ಹಾಸಿಗೆಯಲ್ಲಿ ಇರಲಿಲ್ಲ, ಮಗಳೂ ಇರಲಿಲ್ಲ. ಕೊಡೆ ಹಿಡಿದುಕೊಂಡು ಹಳ್ಳದ ಕಡೆ ಹೋದರೆ ಇಬ್ಬರೂ ಆ ಹುಡುಗನ ಜೊತೆ ದಂಡೆಯ ಮೇಲೆ ಕೂತಿದ್ದರು. ಹಗಲಲ್ಲಿ ಆ ಕಡ್ಡಿಯನ್ನು ಹುಡುಕುವುದೇ ಕಷ್ಟವಾಯಿತು, ಕೆಸರಿನ ಹೆಂಟೆ ಅಷ್ಟು ಚೆನ್ನಾಗಿ ಮರೆಯಾಗಿತ್ತು. ಮಗಳ ನೋಟ್‌ಬುಕ್ಕಿನಲ್ಲಿ ಅಪ್ಪನ ಕೈಬರಹವಿತ್ತು. ಕಾರ್ಖಾನೆಯ ಲಾಗ್‌ಬುಕ್ಕಿನಲ್ಲಿ ಬರೆಯುತ್ತಿದ್ದ ಹಾಗೆ ಗೆರೆ ಎಳೆದು, ತಾರೀಖು ಹಾಕಿ ಬರೆದಿದ್ದರು: "ಮಣ್ಣು ಮೆತ್ತಿದ್ದು: ಒಂದು. ಮೆತ್ತದ್ದು: ಮೂರು. ಮೊದಲು ಒಣಗುವುದು ಯಾವುದು?"

ಮಗಳು ತಲೆ ಎತ್ತದೆ, "ಅಮ್ಮಾ, ಇನ್ನೊಂದು ದಿನ ಇರೋಣ್ವಾ? ಅಜ್ಜ ಕೇಳ್ತಿದ್ದಾರೆ" ಎಂದಳು.